ರೊಟ್ಟಿ ಸಿಗುವ ಕಾಡು

ಪ್ರಾಣಿ ನೋಡಲು ಯಾವ ಕಾಡಿಗೆ ಹೋಗಬೇಕು ಎಂಬ ವಿಷಯದಲ್ಲಿ ಕೊಟ್ಟೂರಿನಲ್ಲಿ ನನಗಿಂತ ಹೆಚ್ಚು ಅಧ್ಯಯನ ಮಾಡಿದವರು ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವನಿಗೆ ಬೇಸಿಗೆಯಲ್ಲಿ ಬೇರೆ ಕೆಲಸವಾದರೂ ಏನಿರುತ್ತದೆ? ಮುಂಗಾರು ಬೀಳುವವರೆಗೆ ನೊಣ ಹೊಡೆಯಬೇಕು, ಇಲ್ಲವೇ ಪಕ್ಕದ ಅಂಗಡಿಯವರ ಪೇಪರನ್ನು ಜಾಹೀರಾತು ಸಮೇತ ಓದಬೇಕು. ನಾನು ಎರಡನ್ನೂ ಬಿಟ್ಟು ಅಧ್ಯಯನಕ್ಕೆ ಕೂತೆ. ಮೊಬೈಲು ಇನ್ನೂ ನಮ್ಮೂರಿಗೆ ಕಾಲಿಟ್ಟಿರಲಿಲ್ಲ. ಎಸ್‌.ಟಿ.ಡಿ. ಬೂತಿನ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ನಿರ್ಮಲಾ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವುದರಲ್ಲಿತ್ತು. ಏನು ಬೇಕು ಕೇಳು ಎಂದು ನಾನು ಮಹಾರಾಜರ ಠೀವಿಯಲ್ಲಿ ಹೇಳಿದೆ. ಸೀರೆ ಕೇಳುತ್ತಾಳೆ, ಹರಪನಹಳ್ಳಿಯಲ್ಲಿ ಪರಿಚಯದ ಅಂಗಡಿಯಿದೆ, ಚೌಕಾಶಿ ಮಾಡಬಹುದು ಎಂದು ಒಳಗೊಳಗೇ ತಯಾರಾಗಿಯೂ ಇದ್ದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಸರಪಳಿ ಇಲ್ಲದ ಆನಿ ಒಮ್ಮೆ ತೋರಿಸ್ರಿ. ಬ್ಯಾರೆ ಏನೂ ಬ್ಯಾಡ."

ನಿರ್ಮಲಾಳ ತವರು ಹಡಗಲಿ ತಾಲ್ಲೂಕಿನ ಮಾಗಳ. ಅವಳು ಸಣ್ಣವಳಿದ್ದಾಗ ಯಾವುದೋ ಮಠದ ಆನೆ ಆ ದಾರಿಯಲ್ಲಿ ಹೋಗುತ್ತ ಹೊಳೆಯ ದಂಡೆಯಲ್ಲಿ ಇಳಿದುಕೊಂಡಿತ್ತಂತೆ. ಊರೆಲ್ಲ ಬಾಳೆಹಣ್ಣು ಹಿಡಿದು ಓಡಿದೆ. ಇವಳೂ ಓಡಿದ್ದಾಳೆ. ಮಾವುತ ಅದನ್ನು ನೀರಿಗೆ ಇಳಿಸಿದಾಗಲೂ ಕಾಲಿನ ಸರಪಳಿ ಬಿಚ್ಚಲಿಲ್ಲ. ಅದು ನೀರಿನೊಳಗೇ ಸರಪಳಿ ಎಳೆದುಕೊಂಡು ಆ ಕಡೆ ಈ ಕಡೆ ತೂಗುತ್ತ ನಿಂತಿತ್ತು. ಯಾಕೆ ಬಿಚ್ಚಿಲ್ಲ ಎಂದು ಇವಳು ಅಪ್ಪನನ್ನು ಕೇಳಿದರೆ, ಬಿಚ್ಚಿದರೆ ಹೋಗಿಬಿಡುತ್ತದೆ ಎಂದರಂತೆ. ಎಲ್ಲಿಗೆ ಎಂದು ಕೇಳಿದಳು. ಅವರು ಇವಳ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದರಂತೆ. ಆ 'ಎಲ್ಲಿಗೆ' ಎಂಬುದನ್ನು ಕಣ್ಣಾರೆ ನೋಡಬೇಕು ಎನ್ನುವುದು ಅವಳ ಆಸೆ. ಇಪ್ಪತ್ತೈದು ವರ್ಷ ಜೊತೆಗೆ ಉಂಡು ಮಲಗಿದ ನನಗೆ ಇದು ಗೊತ್ತೇ ಇರಲಿಲ್ಲ. ಸದರಿ ಪ್ರವಾಸದ ಸಂಪೂರ್ಣ ಹೊಣೆಯನ್ನು ಆ ಕ್ಷಣವೇ ನಾನು ವಹಿಸಿಕೊಂಡೆ. ತಪ್ಪಾದದ್ದು ಅಲ್ಲೇ!

ಮೊದಲು ವಿಚಾರಿಸಿದ್ದು ಎದುರು ಮನೆಯ ಬಸಣ್ಣನನ್ನು. ಲಾರಿ ಓಡಿಸುತ್ತಾನೆ, ಕೇರಳದವರೆಗೂ ಈರುಳ್ಳಿ ಹೇರಿಕೊಂಡು ಹೋಗಿ ಬಂದವನು. ಅವನು ಯೋಚನೆಯನ್ನೂ ಮಾಡದೆ ಬಂಡೀಪುರ ಎಂದುಬಿಟ್ಟ. ಅಲ್ಲಿ ಆನೆಗಳು ನಮ್ಮೂರಿನ ಎಮ್ಮೆಗಳಷ್ಟು ಸಲೀಸಾಗಿ ರಸ್ತೆ ದಾಟುತ್ತವೆ, ಎಷ್ಟೋ ಸಲ ಲಾರಿ ಆಫ್ ಮಾಡಿ ದಾರಿ ಬಿಟ್ಟುಕೊಟ್ಟಿದ್ದೇನೆ ಎಂದ. ಅಧ್ಯಯನ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ.

"ಅಲ್ಲಿ ರೊಟ್ಟಿ ಸಿಗ್ತೈತೇನೋ?"

ನಮ್ಮ ಕಡೆಯವರಿಗೆ ಈ ಪ್ರಶ್ನೆಯ ಗಾಂಭೀರ್ಯವನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಒಂದು ಹೊತ್ತು ಜೋಳದ ರೊಟ್ಟಿ ತಪ್ಪಿದರೆ ನನಗೆ ಊಟ ಮಾಡಿದಂತೆ ಅನಿಸುವುದಿಲ್ಲ. ಎರಡು ಹೊತ್ತು ತಪ್ಪಿದರೆ ಸಿಟ್ಟು ಬರುತ್ತದೆ. ಮೂರನೆಯ ಹೊತ್ತು ಇದುವರೆಗೆ ಬಂದಿಲ್ಲ. ಮದುವೆ ಮನೆಗಳಲ್ಲಿ ಪಾಯಸ, ಹೋಳಿಗೆ, ಅನ್ನ, ಸಾರು ಎಲ್ಲ ಉಂಡು, ಮನೆಗೆ ಬಂದು ಅರ್ಧ ರೊಟ್ಟಿ ತಿಂದು ಮಲಗುವ ವಂಶ ನಮ್ಮದು. ಅಲ್ಲಿ ಅನ್ನ ಸಾಂಬಾರು, ಬೇಕೆಂದರೆ ಮುದ್ದೆ ಎಂದು ಬಸಣ್ಣ ಹೇಳಿದ ಕೂಡಲೇ ಬಂಡೀಪುರದ ಅರ್ಜಿಯನ್ನು ನಾನು ಸಾರಾಸಗಟಾಗಿ ತಿರಸ್ಕರಿಸಿದೆ.

ನಂತರ ಎಸ್‌.ಟಿ.ಡಿ. ಬೂತಿಗೆ ಹೋದೆ. ಪೇಪರಿನಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಫೋನು ಹಚ್ಚಿದೆ. ಫೋನಿನಲ್ಲಿ ಮಾತಾಡುವಾಗ, ಆ ಊರು ಎಷ್ಟು ದೂರವಿದೆಯೋ ಅಷ್ಟು ಜೋರಾಗಿ ಮಾತಾಡಬೇಕೆಂಬುದು ನನ್ನ ನಂಬಿಕೆ. ಹಾಗಾಗಿ ಬಸ್‌ಸ್ಟ್ಯಾಂಡಿನವರೆಗೂ ನನ್ನ ಅಧ್ಯಯನ ಪ್ರಚಾರವಾಯಿತು. ನಾಗರಹೊಳೆ ಕಡೆಯ ಒಂದು ವಸತಿಗೃಹದವರು ಹುಲಿ, ಚಿರತೆ, ಆನೆ, ಕಾಟಿ ಎಂದು ಬಹಳ ಉತ್ಸಾಹದಿಂದ ವರ್ಣಿಸುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ಅದಿರಲಿ, ರೊಟ್ಟಿ ಮಾಡುತ್ತೀರೋ ಎಂದೆ. ಆ ಕಡೆಯಿಂದ ಒಂದು ತಾಳ್ಮೆಯ ದನಿ, "ಸಾರ್, ನೀವು ಕಾಡಿಗೆ ಬರ್ತಿದ್ದೀರೋ, ಖಾನಾವಳಿಗೋ?" ಎಂದು ಕೇಳಿತು. ನನಗೆ ಅವಮಾನವಾಗಲಿಲ್ಲ. ಹಿಂದೆ ಸಾಲು ನಿಂತಿದ್ದವರೆಲ್ಲ ನನ್ನ ಪರವಾಗಿದ್ದರು. ಕೇಳಬೇಕಾದದ್ದನ್ನೇ ಕೇಳಿದಿರಿ ಬಿಡ್ರಿ ಎಂದು ಒಬ್ಬ ಹಿರಿಯರು ಬೆನ್ನು ತಟ್ಟಿದರು. ಮಲೆನಾಡಿನ ಕಡೆಯವರು ರೊಟ್ಟಿ ಇದೆ ಎಂದರು. ಆಮೇಲೆ ಅಕ್ಕಿರೊಟ್ಟಿ ಎಂದರು. ಹೆಸರು ನೋಡಿ ಮೋಸ ಹೋಗುವವನಲ್ಲ ನಾನು!

ಕೊನೆಗೆ ದಾರಿ ತೋರಿಸಿದವರು ನಿರ್ಮಲಾಳ ಅಣ್ಣ, ಹಡಗಲಿಯ ಚನ್ನಬಸಪ್ಪ ಭಾವ. ಊಟದ ವಿಷಯದಲ್ಲಿ ನಾನು ಶಿಷ್ಯನಾದರೆ ಅವರು ಗುರು. ದಾಂಡೇಲಿಯಲ್ಲಿ ಒಂದು ವಸತಿಗೃಹವಿದೆ, ಅಡುಗೆಯಾಕೆ ಧಾರವಾಡ ಸೀಮೆಯವಳು, ಆಕೆ ಬಡಿದ ರೊಟ್ಟಿ ಹಂಚಿನ ಮೇಲೆ ಬಲೂನಿನ ಹಾಗೆ ಉಬ್ಬುತ್ತದೆ ಎಂದು ಕಣ್ಣು ಮುಚ್ಚಿ ವರ್ಣಿಸಿದರು. ನಾನೂ ಕಣ್ಣು ಮುಚ್ಚಿ ಕೇಳಿದೆ. ಅಲ್ಲಿಗೆ ಸ್ಥಳ ಆಯ್ಕೆ ಮುಗಿಯಿತು. ಗಂಡ ಹೆಂಡತಿ ಇಬ್ಬರೇ ಪ್ರವಾಸ ಹೋಗುವುದು ನಮ್ಮ ಕಡೆ ಇನ್ನೂ ರೂಢಿಗೆ ಬಂದಿರಲಿಲ್ಲವಾದ್ದರಿಂದ ಭಾವನೂ ಹೊರಟರು.

ಬ್ಯಾಗು ತುಂಬುವಾಗ ನಿರ್ಮಲಾ ಒಂದೇ ಮಾತು ಕೇಳಿದ್ದಳು.

"ಅಲ್ಲಿ ಆನಿ ಅದಾವಂತೇನ್ರಿ?"

"ಸಂತಿ ಅಂದ ಮ್ಯಾಲೆ ಉಳ್ಳಾಗಡ್ಡಿ ಇರ್ತಾವು, ಕಾಡಂದ ಮ್ಯಾಲೆ ಆನಿ ಇರ್ತಾವು. ಅದನ್ನೂ ಕೇಳಬೇಕೇನು?" ಎಂದೆ.

ಕೇಳಿರಲಿಲ್ಲ, ಅದು ನಿಜ.

ದಾಂಡೇಲಿಯ ರೊಟ್ಟಿಯ ಬಗ್ಗೆ ಭಾವ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ತಾಯಿ ಬಿಸಿಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ, ಪಕ್ಕದಲ್ಲಿ ಎಣ್ಣೆಗಾಯಿ ಬಡಿಸಿ, ಮೇಲೆ ಶೇಂಗಾ ಚಟ್ನಿ ಮೊಸರು ಇಟ್ಟಾಗ, ಕಾಡು ಎಂದರೆ ಎಷ್ಟು ಸುಂದರ ಎಂದು ನನಗೆ ಮೊದಲ ಬಾರಿ ಅನಿಸಿತು. ಮಧ್ಯಾಹ್ನ ಹೀಗೆ ಕಾಡಿನ ಸೌಂದರ್ಯವನ್ನು ಕುತ್ತಿಗೆಯವರೆಗೆ ತುಂಬಿಕೊಂಡು ಸಂಜೆಯ ಜೀಪು ಹತ್ತಿದೆವು. ತಂಪು ಗಾಳಿ. ಎತ್ತರದ ಮರ. ಜೀಪಿನ ತೂಗಾಟ. ನಮ್ಮೂರ ಬಿಸಿಲಿನಲ್ಲಿ ತಿಂಗಳಿನಿಂದ ಸರಿಯಾಗಿ ನಿದ್ದೆ ಮಾಡದ ಜೀವಗಳು. ಭಾವ ಮೊದಲನೇ ತಿರುವಿನಲ್ಲಿ ಮಲಗಿದರು, ನಾನು ಎರಡನೆಯದರಲ್ಲಿ.

ಎದ್ದಾಗ ಜೀಪು ವಸತಿಗೃಹದ ಮುಂದೆ ನಿಂತಿತ್ತು. ನಿರ್ಮಲಾ ದೊಡ್ಡ ಕೊಕ್ಕಿನ ಹಕ್ಕಿ ನೋಡಿದ್ದಳು, ಕೆಂಪು ಅಳಿಲು ನೋಡಿದ್ದಳು, ಜಿಂಕೆ ನೋಡಿದ್ದಳು. ಕಾಡುಕೋಣಗಳ ಹಿಂಡೊಂದು ಬಲು ಹತ್ತಿರದಲ್ಲೇ ಮೇಯುತ್ತಿತ್ತಂತೆ. ಭಾವನ ಗೊರಕೆ ಒಂದು ಮಟ್ಟ ಏರಿದ ಕೂಡಲೇ ತಲೆಯೆತ್ತಿ ನೋಡಿ, ಇದು ಯಾವ ಪ್ರಾಣಿ ಎಂದು ತಿಳಿಯದೆ ಎದ್ದುಬಿದ್ದು ಓಡಿತಂತೆ. ಗೈಡು ಇದನ್ನು ಹೇಳುವಾಗ ನಗಲಿಲ್ಲ, ಪಾಪ. ನಗು ಹಿಡಿದು ಹಿಡಿದು ಅವನ ಕಣ್ಣಲ್ಲಿ ನೀರು ಬಂದಿತ್ತು.

ಮರುದಿನ ಬೆಳಗಿನ ಜೀಪಿಗೆ ಹೊತ್ತು ಮೂಡುವ ಮೊದಲೇ ಬರಬೇಕು ಎಂದಿದ್ದರು. ನಾವು ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಪೂಜೆಯಾಗಿ ವಿಭೂತಿ ಧರಿಸಿ ಹೊರಬರುವಷ್ಟರಲ್ಲಿ ಅಡುಗೆಮನೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಇನ್ನು ಕಾಲು ಮುಂದೆ ಹೋಗುವುದಾದರೂ ಹೇಗೆ? ಎರಡೇ ಎರಡು ತಿಂದು ಹೋಗೋಣ ಎಂದರು ಭಾವ. ನಮ್ಮ ಎರಡು ಮುಗಿಯುವ ಹೊತ್ತಿಗೆ ಜೀಪು ಒಂದು ಸುತ್ತು ಹೋಗಿ ವಾಪಸ್ಸು ಬಂದಿತ್ತು. ನಿರ್ಮಲಾ ಹೊರಗಿನ ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡು, ಸೆರಗು ಹೊದ್ದು ಕೂತೇ ಇದ್ದಳು. ಒಬ್ಬಳೇ ಹೋಗಬಹುದಿತ್ತು, ಹೋಗಿರಲಿಲ್ಲ. ಬೆರಳಿಗಂಟಿದ ಬೆಣ್ಣೆಯನ್ನು ನಾನು ಬೆನ್ನ ಹಿಂದೆ ಒರೆಸಿಕೊಂಡೆ.

ಆಗ ಅವಳು ಗೈಡನ್ನು ಕೇಳಿದಳು, ಇಲ್ಲಿ ಆನೆ ಯಾವ ಕಡೆ ಸಿಗುತ್ತವೆ ಎಂದು. ಅವನು ತಲೆ ಕೆರೆದುಕೊಂಡ.

"ಅದಾವ್ರಿ ಅಕ್ಕಾರ. ಆದ್ರ ಈ ದಟ್ಟ ಅಡವ್ಯಾಗ ಕಣ್ಣಿಗೆ ಬೀಳೋದು ಭಾಳ ಕಡಿಮಿ. ಆನಿ ನೋಡಬೇಕಂತ ಬಂದವ್ರು ಬಂಡೀಪುರಕ್ಕ ಹೋಗ್ಬೇಕಿತ್ತಲ್ರಿ."

ಅವಳು ನಿಧಾನಕ್ಕೆ ನನ್ನ ಕಡೆ ತಿರುಗಿದಳು. ನಾನು ಮರ ನೋಡಿದೆ. ಭಾವ ಆಕಾಶ ನೋಡಿದರು. ಬಸಣ್ಣ ಮೊದಲ ದಿನವೇ ಬಂಡೀಪುರ ಅಂದಿದ್ದ ಎಂಬುದನ್ನು ನಾನು ತೊದಲುತ್ತ ಹೇಳಿದೆ. ಹಾಗಾದರೆ ಯಾಕೆ ಅಲ್ಲಿಗೆ ಹೋಗಲಿಲ್ಲ ಎಂದು ಕೇಳಿದಳು. ಇಂಥ ಪ್ರಶ್ನೆಗೆ ಸುಳ್ಳು ಹೇಳುವ ಬುದ್ಧಿ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ರೊಟ್ಟಿಗಾಗಿ ಎಂದೆ.

ಜಗಳ ಆಗುತ್ತದೆ ಎಂದು ಕಾದೆ. ಆಗಲಿಲ್ಲ. ಅವಳು ಒಳಗೆ ಹೋಗಿ ತನ್ನ ಚೀಲ ತಂದು ನನ್ನ ಮುಂದೆ ಇಟ್ಟು ಅದರ ಬಾಯಿ ಬಿಚ್ಚಿದಳು. ಒಳಗೆ ಬಿಳಿ ಪಂಚೆಯಲ್ಲಿ ಕಟ್ಟಿದ ದೊಡ್ಡ ಗಂಟು. ಗಂಟಿನೊಳಗೆ ಹಪ್ಪಳದಂಥ ಖಡಕ್ ರೊಟ್ಟಿಗಳ ಅಟ್ಟಿ, ಜೊತೆಗೆ ಗುರೆಳ್ಳು ಪುಡಿಯ ಡಬ್ಬಿ. ತಿಂಗಳಾದರೂ ಕೆಡದ ರೊಟ್ಟಿ. ಇಡೀ ಜಿಲ್ಲೆಯ ಜನ ಅದನ್ನೇ ಕಟ್ಟಿಕೊಂಡು ದೇಶ ಸುತ್ತುತ್ತಾರೆ. ನಮ್ಮ ಅಟ್ಟದ ಬುಟ್ಟಿಯಲ್ಲಿ ಅದು ಇಲ್ಲದ ದಿನವೇ ಇಲ್ಲ. ನನ್ನ ಅಷ್ಟು ದೊಡ್ಡ ಅಧ್ಯಯನದಲ್ಲಿ ಅದೊಂದು ನೆನಪಾಗಿರಲಿಲ್ಲ!

"ನಿಮ್ಮನ್ನ ಕಟ್ಗೊಂಡು ಇಪ್ಪತ್ತೈದು ವರ್ಷ ಆತು. ರೊಟ್ಟಿ ಇಲ್ದ ಮನಿ ಬಿಡ್ತೀನೇನ್ರಿ ನಾನು?" ಎಂದಳು. "ರೊಟ್ಟಿ ಚಿಂತಿ ನನಗ ಬಿಟ್ಟು ನೀವು ಆನಿ ಚಿಂತಿ ಮಾಡಿದ್ರ ಸಾಕಿತ್ತು."

ಅಲ್ಲಿಂದ ಮುಂದೆ ಬಂಡೀಪುರದವರೆಗೆ ನಡೆದದ್ದೆಲ್ಲ ನಿರ್ಮಲಾಳ ಆಡಳಿತ. ನಾನು ಬರೀ ಬ್ಯಾಗು ಹೊರುವವನು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಭಾವ, ತಮಗೆ ಆನೆಯ ಮೇಲೆ ಅಂಥ ಆಸೆಯೇನಿಲ್ಲ ಎಂದು ಹಡಗಲಿಯ ಬಸ್ಸು ಹತ್ತಿದರು. ಕೊಟ್ಟೂರು, ಹಡಗಲಿ, ಹೆಚ್ಚೆಂದರೆ ದಾವಣಗೆರೆ ಬಿಟ್ಟು ಆಚೆ ಕಾಲಿಡದ ನನ್ನ ಹೆಂಡತಿ, ಕಂಡಕ್ಟರನ್ನು ನಿಲ್ಲಿಸಿಕೊಂಡು ಮೈಸೂರು ಬಸ್ಸು ಎಲ್ಲಿ, ಅಲ್ಲಿಂದ ಮುಂದೆ ಯಾವುದು, ಉಳಿಯಲು ಜಾಗ ಎಲ್ಲಿ ಎಂದು ವಿಚಾರಿಸುತ್ತಿದ್ದರೆ ನಾನು ಬಾಯಿ ತೆರೆದು ನೋಡುತ್ತ ನಿಂತೆ. ಅವಳು ಯಾರ ಮೇಲೂ ದನಿ ಎತ್ತಲಿಲ್ಲ. ಒಂದೂ ಅನವಶ್ಯಕ ಪ್ರಶ್ನೆ ಕೇಳಲಿಲ್ಲ. ನಾನು ತಿಂಗಳುಗಟ್ಟಲೆ ಮಾಡಿದ್ದನ್ನು ಅವಳು ಒಂದು ಚಹಾ ಕುಡಿಯುವ ಹೊತ್ತಿನಲ್ಲಿ ಮಾಡಿದಳು, ಅದೂ ಸರಿಯಾಗಿ. ಇಂಥವಳು ಇಷ್ಟು ವರ್ಷ ನನ್ನ ಮನೆಯಲ್ಲೇ ಇದ್ದಳಲ್ಲ ಎಂದು ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಭಯವೂ ಆಯಿತು.

ಬಂಡೀಪುರದಲ್ಲಿ ವ್ಯಾನು ಹತ್ತಿದಾಗ ಅವಳು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು. ನಿಮಗೂ ಚೆನ್ನಾಗಿ ಕಾಣಲಿ ಎಂದಳು. ಇಷ್ಟೆಲ್ಲ ಆದ ಮೇಲೂ! ನಾನು ಸೆಟೆದು ಕೂತೆ. ಈ ಸಲ ನಿದ್ದೆ ಮಾಡುವುದಿಲ್ಲ ಎಂದು ಕೊಟ್ಟೂರೇಶ್ವರನ ಮೇಲೆ ಆಣೆ ಮಾಡಿದ್ದೆ. ಬೆಳಿಗ್ಗೆ ತಿಂದದ್ದು ಒಂದೇ ಖಡಕ್ ರೊಟ್ಟಿ.

ಒಂದು ಕೆರೆಯ ತಿರುವಿನಲ್ಲಿ ಡ್ರೈವರು ಇಂಜಿನ್ ನಿಲ್ಲಿಸಿದ. ಬಿದಿರು ಮೆಳೆ ಅಲ್ಲಾಡಿತು. ಅದರ ನಡುವಿನಿಂದ ಕಪ್ಪಗಿನ ಒಂದು ಗೋಡೆ ಹೊರಗೆ ಬಂತು. ಗೋಡೆಗೆ ಕಿವಿಗಳಿದ್ದವು. ಅದು ನೇರವಾಗಿ ನನ್ನ ಕಿಟಕಿಯ ಕಡೆಗೇ ಬರುತ್ತಿತ್ತು. ನಾನು ನೋಡಿದ್ದು ಅಷ್ಟೇ. ಆಮೇಲೆ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ನಿರ್ಮಲಾಳ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ತುಂಬ ಹೊತ್ತಾದರೂ ನನ್ನನ್ನು ಯಾರೂ ತುಳಿಯದ್ದರಿಂದ ಧೈರ್ಯ ಬಂದು ಒಂದು ಕಣ್ಣು ತೆರೆದೆ. ಹೊರಗೆ ನೋಡುವ ಧೈರ್ಯ ಬಂದಿರಲಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳು ನನ್ನ ತಲೆಯ ಮೇಲಿಂದ ಹೊರಗೆ ಬಾಗಿ ನೋಡುತ್ತಿದ್ದಳು. ಬಾಯಿ ನಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂಬುದೂ ಅವಳಿಗೆ ನೆನಪಿರಲಿಲ್ಲ. ಮಾಗಳದ ದಂಡೆಯ ಆ ಸಣ್ಣ ಹುಡುಗಿ ಹೇಗಿದ್ದಳು ಎಂದು ನನಗೆ ಆವತ್ತು ಗೊತ್ತಾಯಿತು. ನಾನು ಅದನ್ನೇ ನೋಡುತ್ತ ಕೂತೆ. ಕೊನೆಗೆ ಹೊರಗೆ ತಿರುಗಿದಾಗ ಬಿದಿರು ಮಾತ್ರ ತೂಗಾಡುತ್ತಿತ್ತು.

"ಕಾಲು ನೋಡಿದ್ರೇನ್ರಿ?" ಎಂದು ಪಿಸುಗುಟ್ಟಿದಳು. "ಒಂದು ಗಾಯದ ಗುರ್ತು ಸೈತ ಇಲ್ಲ. ನೀರು ಕುಡೀತು, ಮೈಮ್ಯಾಲೆ ಮಣ್ಣು ಹಾಕ್ಕೊಂತು, ತನಗ ಬೇಕಾದ ಕಡಿ ಹೋತು. ಯಾರ್ನೂ ಕೇಳಲಿಲ್ಲ."

"ನೋಡಿದೆ, ನೋಡಿದೆ," ಎಂದೆ ನಾನು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಬದುಕುತ್ತಿದ್ದೆ. "ಏನು ದಂತ ಅಂತೀ ಅದರದು! ನನ್ನ ತೋಳಷ್ಟು ಉದ್ದ ಇದ್ದವು."

ಅವಳು ನನ್ನನ್ನೇ ದಿಟ್ಟಿಸಿದಳು. ಮುಂದಿನ ಸೀಟಿನವರೂ ತಿರುಗಿದರು.

"ಅದು ಹೆಣ್ಣಾನಿರಿ," ಎಂದಳು. "ಬೆನ್ನಿಗೆ ಮರಿ ಇತ್ತು."

ವ್ಯಾನೆಲ್ಲ ನಕ್ಕಿತು. ಅವಳು ನಗಲಿಲ್ಲ. ಸೆರಗಿನಿಂದ ಮೊದಲು ತನ್ನ ಕಣ್ಣು, ಆಮೇಲೆ ನನ್ನ ಹಣೆಯ ಬೆವರು ಒರೆಸಿ, ಇರಲಿ ಬಿಡ್ರಿ, ಮುಂದಿನ ವರ್ಷ ನಾನೇ ಕರೆದುಕೊಂಡು ಬಂದು ತೋರಿಸುತ್ತೇನೆ, ಕೈ ಹಿಡಿದುಕೊಂಡೇ ನೋಡುವಿರಂತೆ ಎಂದಳು. ನಮ್ಮ ಮನೆಯ ಪ್ರವಾಸ ಖಾತೆಗೆ ನಾನು ಅಲ್ಲಿಯೇ, ಆ ಕೆರೆಯ ತಿರುವಿನಲ್ಲೇ ರಾಜೀನಾಮೆ ಕೊಟ್ಟೆ. ಬೇಡ ಎಂದು ತಡೆದವರು ಇದುವರೆಗೂ ಯಾರೂ ಇಲ್ಲ.