ಮಿತ್ರರಾಷ್ಟ್ರ ಮತ್ತು ಗೇಟಣ್ಣ

ಮಿತ್ರರಾಷ್ಟ್ರಗಳಿಗೆ ಇನ್ನು ಸೂಕ್ಷ್ಮ ಯಂತ್ರಗಳನ್ನು ಪರವಾನಗಿ ಇಲ್ಲದೆ ಕಳಿಸಬಹುದು ಎಂಬ ಆದೇಶ ಸೋಮವಾರ ಬೆಳಿಗ್ಗೆ ಬಂತು. ರಫ್ತು ನಿಯಂತ್ರಣ ಕಚೇರಿಯಲ್ಲಿ ಎಲ್ಲರೂ ಹಿಗ್ಗಿದರು, ಗುಮಾಸ್ತ ಗೇಟಣ್ಣನೊಬ್ಬನನ್ನು ಬಿಟ್ಟು. ಬಂದ ಅರ್ಜಿಗಳಿಗೆಲ್ಲ ಗೇಟಿನಂತೆ ಅಡ್ಡ ನಿಲ್ಲುವುದೇ ಕೆಲಸವಾದ್ದರಿಂದ ಅವನಿಗೆ ಆ ಹೆಸರು.

ಪರವಾನಗಿ ಸಿಗುವವರೆಗೆ ಅರ್ಜಿದಾರರು ಸೋಮವಾರ ಸೋಮವಾರ ಖುದ್ದು ಬಂದು, ತಮ್ಮ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಒಪ್ಪಿಸಬೇಕಿತ್ತು. ಹಾಗೆ ವರ್ಷಗಟ್ಟಲೆ ಬಂದವನು ಕಂಪ್ಯೂಟರ್ ಚಿಪ್‌ಗಳ ಮೇಲೆ ಗೆರೆ ಕೊರೆಯುವ ಯಂತ್ರದ ಇಂಜಿನಿಯರ್. ಯಂತ್ರದ ಮಾತು ಬೇಗ ಮುಗಿಯುತ್ತಿತ್ತು, ಉಳಿದದ್ದೆಲ್ಲ ಚದುರಂಗ. ವಾರದ ಮಿಕ್ಕ ದಿನಗಳಲ್ಲಿ ಗೇಟಣ್ಣನ ಜೊತೆ ಮಾತಾಡುತ್ತಿದ್ದುದು ಅವನ ಬಾಡಿಗೆ ಕೋಣೆಯ ನಲ್ಲಿ, ಅದೂ ತೊಟ್ಟಿಕ್ಕುತ್ತ.

"ಯಾಕೆ ಗೇಟಣ್ಣ, ಹರಳೆಣ್ಣೆ ಕುಡಿದೋರ ಹಾಗೆ ಕೂತಿದೀರಿ?" ಎಂದಳು ಟೈಪಿಸ್ಟ್ ಅಕ್ಕ. "ದೇಶಕ್ಕೆ ಸ್ನೇಹಿತರು ಸಿಕ್ಕಿದಾರೆ, ಸಂತೋಷಪಡಿ."

"ಯಂತ್ರ ಕೊಳ್ಳೋವರೆಗೂ ಸ್ನೇಹ ಅಕ್ಕ. ಆಮೇಲೆ ನೋಡಿ."

ನಿನ್ನೆಯವರೆಗೆ ಕಳ್ಳರೆನಿಸಿಕೊಂಡವರು ಆಳುವವರ ಒಂದು ರುಜುವಿಗೆ ಸ್ನೇಹಿತರಾಗಿದ್ದರು. ಗೇಟಣ್ಣನಿಗೆ ಒಬ್ಬನನ್ನು ಸಂಪಾದಿಸಲು ಅರ್ಧ ಆಯುಷ್ಯ ಹಿಡಿದಿತ್ತು.

ಮಧ್ಯಾಹ್ನ ಜವಾನ ಬಂದ. "ಅಣ್ಣ, ಇನ್ನು ಯಾರೂ ಬರಲ್ವಲ್ಲ, ಎದುರಿನ ಕುರ್ಚಿ ಸಾಹೇಬರ ಕೋಣೆಗೆ ಒಯ್ಯಲಾ?"

"ಮುಟ್ಟಿ ನೋಡು."

ಗೇಟಣ್ಣ ಆ ಕುರ್ಚಿಯ ಮೇಲೆ ಕಾಲು ಚಾಚಿ, ಹೇನು ಹೆಕ್ಕುವಂತೆ ಆದೇಶವನ್ನು ಸಾಲು ಸಾಲಾಗಿ ಹೆಕ್ಕಿದ. ಕೊನೆಯ ಪುಟದಲ್ಲಿ ಒಂದು ಸಿಕ್ಕಿತು: ಯಂತ್ರ ದುರುಪಯೋಗವಾಗದಂತೆ ತಕ್ಕ ಕಾವಲಿರತಕ್ಕದ್ದು. ತಕ್ಷಣ ಇಂಜಿನಿಯರನ ಕಂಪನಿಗೆ ಫೋನು ಮಾಡಿದ.

"ಯಂತ್ರ ಬಲ್ಲವರೊಬ್ಬರು ಅದರ ಜೊತೆ ಹೋಗಿ ಅಲ್ಲೇ ಇರಬೇಕು. ಇಲ್ದಿದ್ರೆ ಯಂತ್ರ ಗೋದಾಮಿನಲ್ಲೇ ಇರಲಿ."

ಯಾವ ತಲೆಕೆಟ್ಟವನು ಹೋದಾನು? ಯಂತ್ರ ಇಲ್ಲೇ ಉಳಿದರೆ ಸೋಮವಾರದ ಆಟವೂ ಉಳಿಯುತ್ತದೆ. ಗೇಟಣ್ಣ ಕಾಲು ಕೆಳಗಿಳಿಸಿ, ಮೇಜಿನ ಖಾನೆಯಿಂದ ಚದುರಂಗದ ಹಲಗೆ ತೆಗೆದು, ಹೋದ ವಾರ ಬಿಟ್ಟಲ್ಲಿಗೇ ಕಾಯಿಗಳನ್ನು ಜೋಡಿಸಿದ.

ಸಂಜೆ ಇಂಜಿನಿಯರ್ ಬಂದೇ ಬಂದ. ಆದರೆ ಕೂರಲಿಲ್ಲ.

"ಇವತ್ತು ಆಗಲ್ಲ ಗೇಟಣ್ಣ. ಬೆಳಿಗ್ಗೆ ಹಡಗು ಹತ್ತಬೇಕು. ಯಂತ್ರದ ಜೊತೆ ಒಬ್ಬ ಹೋಗಿ ಅಲ್ಲೇ ಇರಬೇಕಂತೆ, ನಿಮ್ಮ ಕಚೇರಿಯ ಯಾವನೋ ಪುಣ್ಯಾತ್ಮ ಫೋನು ಮಾಡಿದ್ದನಂತೆ. ಮನೇಲಿ ಕಾಯೋರಿಲ್ಲದವನು ನಾನೊಬ್ಬನೇ ಅಂತ ನನ್ನನ್ನೇ ಹಾಕಿದ್ರು. ಯಾರು ಅವನು, ಗೊತ್ತಾ?"

ಗೇಟಣ್ಣ ಕುದುರೆಯನ್ನು ನೆಟ್ಟಗೆ ನಿಲ್ಲಿಸಿದ. "ಯಾರೋ ಹೊಸಬ ಇರಬೇಕು. ಎಷ್ಟು ದಿನಕ್ಕೆ?"

"ಯಂತ್ರ ಕೆಡೋವರೆಗೆ." ಇಂಜಿನಿಯರ್ ನಗಲು ನೋಡಿದ. "ನಾನೇ ಮಾಡಿದ್ದು. ಅಷ್ಟು ಸುಲಭಕ್ಕೆ ಕೆಡಲ್ಲ."

ಅವನ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು. ಗೇಟಣ್ಣ ಖಾಲಿ ಕುರ್ಚಿಯ ಮೇಲೆ ಮತ್ತೆ ಕಾಲು ಚಾಚಿದ. ಜವಾನ ಬಾಗಿಲಲ್ಲಿ ಇಣುಕಿದ.

"ಅಣ್ಣ, ಈಗ ಒಯ್ಯಲಾ?"

ಗೇಟಣ್ಣ ಕುರ್ಚಿಯ ಮೇಲಿನ ಕಾಲು ತೆಗೆದ.