ಮಾನ್ಯ ಶಿಫ್ಟ್ ಅವರಿಗೆ, ಬಾಗಲಗುಂಟೆಯ ಮೊದಲ ಮಹಡಿಯಿಂದ

ಮಾನ್ಯರೇ,

ಸಮುದ್ರದಾಚೆಯಿಂದ ಬಂದು, ಒಂದು ದಿನದ ಬಾಡಿಗೆಯನ್ನೂ ಕೊಡದೆ ನಮ್ಮ ಕನ್ನಡದ ನಡುಮನೆಯಲ್ಲಿ ಕಾಲು ಚಾಚಿ ಕುಳಿತಿರುವ, ಕಾರ್ಖಾನೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಇನ್ನೊಂದು, ಟೆಂಪೊ ಸ್ಟ್ಯಾಂಡಿನಲ್ಲಿ ಮತ್ತೊಂದು ಕೆಲಸವನ್ನು ಅದೇ ಮುಖ ಹೊತ್ತು ನಿಭಾಯಿಸುವ ಇಂಗ್ಲಿಷ್ ಪದವಾದ ತಮಗೆ, ಬಾಗಲಗುಂಟೆಯಲ್ಲಿ ಮುನಿಯಲ್ಲಪ್ಪನವರ ಕಟ್ಟಡದ ಮೊದಲ ಮಹಡಿಯ ಬಾಡಿಗೆದಾರಳೂ, ಇಲ್ಲಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳೂ ಆದ ದಾಕ್ಷಾಯಣಿ ಮಾಡುವ ದೀರ್ಘದಂಡ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ, ಈ ಊರಿನಲ್ಲಿ ತಮ್ಮಷ್ಟು ಸುಖವಾಗಿ ಬಾಳುತ್ತಿರುವವರನ್ನು ನಾನು ಬೇರೆ ಕಂಡಿಲ್ಲ.

ಮೊದಲಿಗೆ ತಮ್ಮ ಉಪಕಾರಗಳನ್ನು ನೆನೆಯುವುದು ನನ್ನ ಧರ್ಮ. ನನ್ನ ಪತಿ ಶಿವಪುತ್ರ ಅವರು ಪೀಣ್ಯದ ಕಾರ್ಖಾನೆಗೆ ಹೋಗುವುದು ತಮ್ಮ ಹೆಸರಿನಲ್ಲೇ, ಅಂದರೆ ಫಸ್ಟ್ ಶಿಫ್ಟ್ ಅಥವಾ ಸೆಕೆಂಡ್ ಶಿಫ್ಟ್. ನನ್ನ ಅತ್ತೆ ಕಾಶವ್ವನವರಿಗೆ ಕಣ್ಣಿನ ಆಪರೇಷನ್ ಆದಾಗ ನರ್ಸಮ್ಮ ಅವರನ್ನು ವಾರ್ಡಿಗೆ 'ಶಿಫ್ಟ್' ಮಾಡಿದರು. ಮಗಳು ರಕ್ಷಾ ಕಂಪ್ಯೂಟರಿನಲ್ಲಿ ತಮ್ಮನ್ನು ಒತ್ತಿ ಹಿಡಿದರೆ ಚಿಕ್ಕಕ್ಷರವೆಲ್ಲ ದೊಡ್ಡಕ್ಷರವಾಗುತ್ತದೆ. ಇಷ್ಟೊಂದು ಕೆಲಸಕ್ಕೆ ಮೊದಲು ನಮ್ಮಲ್ಲಿ ಬೇರೆಬೇರೆ ಆಳುಗಳಿದ್ದರು. ನಮ್ಮ ವಿಜಯಪುರದ ಕಡೆ ಪಾಳಿ ಇತ್ತು, ಇಲ್ಲಿಯವರಲ್ಲಿ ಸರದಿ ಇತ್ತು, ಸಾಮಾನು ಸಾಗಿಸುವುದು, ಮನೆ ಬದಲಾಯಿಸುವುದು ಎಂಬ ಸಾಧು ಮಾತುಗಳಿದ್ದವು. ತಾವು ಅವರೆಲ್ಲರಿಗೂ ನೋಟಿಸು ಕೊಡದೆಯೇ ಮನೆ ಖಾಲಿ ಮಾಡಿಸಿ, ಇಡೀ ವಠಾರವನ್ನು ಒಬ್ಬರೇ ಹಿಡಿದುಕೊಂಡಿದ್ದೀರಿ. ಇಂಥ ಸಾಮರ್ಥ್ಯವನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ದೋಷ ತಟ್ಟುತ್ತದೆ.

ಒಂದು ಪದಕ್ಕೆ ಹಲವು ಅರ್ಥಗಳಿದ್ದರೆ ಹೆದರಬೇಡಿ, ಅದರ ಹಿಂದುಮುಂದಿನ ಪದಗಳನ್ನು ನೋಡಿ, ಸಂದರ್ಭವನ್ನು ನೋಡಿ, ಅರ್ಥ ತಾನೇ ಬಂದು ಕೈಗೆ ಸಿಗುತ್ತದೆ ಎಂದು ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೆ ವರ್ಷಾವರ್ಷ ಹೇಳಿಕೊಡುತ್ತೇನೆ. ಗಂಟಲು ಕಟ್ಟುವವರೆಗೆ ಹೇಳಿಕೊಡುತ್ತೇನೆ. ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಮುನಿಯಲ್ಲಪ್ಪನವರ ಮಗ ಮಹೇಂದ್ರನಿಂದ ನನ್ನ ಮೊಬೈಲಿಗೆ ಒಂದು ಮೆಸೇಜು ಬಂತು. "ಮೇಡಂ, ಸಂಡೇಯಿಂದ ನಿಮ್ದು ಶಿಫ್ಟ್. ಕೋಆಪರೇಟ್ ಮಾಡಿ. ಬೇರೆ ದಾರಿ ಇಲ್ಲ."

ನಾನು ಪಾಠದಲ್ಲಿ ಹೇಳಿದಂತೆಯೇ ಮಾಡಿದೆ. ಅಕ್ಕಪಕ್ಕ ನೋಡಿದೆ. ಒಂದು ಕಡೆ ಸಂಡೇ ನಿಂತಿತ್ತು, ಮನೆ ಬದಲಿಸುವವರಿಗೆ ಆಳುಗಳೂ ಟೆಂಪೊಗಳೂ ಸಿಗುವ ದಿನ. ಇನ್ನೊಂದು ಕಡೆ ಕೋಆಪರೇಟ್ ನಿಂತಿತ್ತು, ನಮ್ಮದೇನನ್ನೋ ಕಿತ್ತುಕೊಳ್ಳುವವರಷ್ಟೇ ಬಳಸುವ ಪದ. ಇನ್ನು ಸಂದರ್ಭ. ಮಹೇಂದ್ರನಿಗೆ ಯಲಹಂಕದ ರಾಣಿ ಎಂಬ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಅದಾದ ಮರುವಾರವೇ ಪೇಂಟರ್ ಒಬ್ಬ ಬಂದು, ಮಾಲೀಕರ ಕೆಳಮನೆಯನ್ನು ಅಳೆದು ಮುಗಿಸಿ, ಮೇಲೆ ಬಂದು ನಮ್ಮ ಮಲಗುವ ಕೋಣೆಯ ಗೋಡೆಗೂ ಟೇಪು ಹಿಡಿದಿದ್ದ. ಮಹೇಂದ್ರನ ತಾಯಿ ಗೋಪಾಲಮ್ಮನವರು ಮಾತಿನ ನಡುವೆ, ನಮ್ಮ ಮನೆಯ ಗೋಡೆಯಲ್ಲಿ ಎಷ್ಟು ಬೀರು ಕೂರುತ್ತವೆ ಎಂದು ಕೇಳಿದ್ದರು. ತಮ್ಮ ಅರ್ಥವನ್ನು ನಿರ್ಧರಿಸಲು ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ರಕ್ಷಾ ಹುಟ್ಟುವ ಮೊದಲಿನಿಂದ ನಾವಿದ್ದ ಮನೆಯನ್ನು ಬಿಡಬೇಕು ಎಂಬುದು ನನಗೆ ಒಂದೇ ಓದಿಗೆ ತಿಳಿಯಿತು. ಓದಿ ಮುಗಿಸಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕೆಳಗಿಳಿದು ಒಂದು ಮಾತು ಕೇಳಬಹುದಿತ್ತಲ್ಲ ಎಂದು ತಾವು ಅನ್ನಬಹುದು. ಬಾಡಿಗೆ ಮನೆಯಲ್ಲಿ ಎಂದೂ ಇದ್ದಿರದ ತಮಗೆ ಇದು ತಿಳಿಯದು. ಬಿಡು ಎಂದವರ ಹತ್ತಿರ ಏಕೆ ಎಂದು ಕೇಳಿದರೆ ಅದು ಬೇಡಿಕೊಂಡಂತೆ, ಬೇಡಿಕೊಳ್ಳುವುದು ನಮ್ಮ ಮನೆತನಕ್ಕೆ ಬಂದ ಗುಣವಲ್ಲ. ಅಂದು ಕಾರ್ಖಾನೆಯಿಂದ ಬಂದ ಪತಿಗೆ "ಸಂಡೇಕ್ಕ ಶಿಫ್ಟ್ ಅಂತ್ರೀ" ಎಂದರೆ, ಅವರು ಬೂಟು ಬಿಚ್ಚುತ್ತಲೇ "ಸಂಡೇ ನಂಗ ಸೂಟಿ ಐತಿ, ಯಾರ್ ಹೇಳ್ಯಾರ?" ಎಂದು ನನ್ನ ಮೇಲೆಯೇ ಹರಿಹಾಯ್ದರು. ನೋಡಿದಿರಾ, ಗಂಡಹೆಂಡಿರ ನಡುವೆಯೂ ತಾವು ಎಷ್ಟು ಚೆನ್ನಾಗಿ ಸಂಸಾರ ಹೂಡಿದ್ದೀರಿ.

ಆದರೂ ಮರುದಿನ ಮೆಟ್ಟಿಲ ಮೇಲೆ ಗೋಪಾಲಮ್ಮನವರು ಎದುರಾದಾಗ, ಅವರೇ ಬಾಯಿ ಬಿಡಲಿ ಎಂದು, "ಸಂಡೇಯಿಂದ ಶಿಫ್ಟ್ ಅಂತ ಮಹೇಂದ್ರ ಮೆಸೇಜ್ ಹಾಕ್ಯಾನ್ರಿ, ನಾವು ತಯಾರ ಅದೀವಿ" ಎಂದೆ. ಆಯಮ್ಮ ನಿಟ್ಟುಸಿರು ಬಿಟ್ಟು, "ಏನ್ ಮಾಡಾದು ಕಣಮ್ಮ, ಎಲ್ರಿಗೂ ಕಷ್ಟಾನೇ. ಪಾತ್ರೆ ಪಗಡ ಎಲ್ಲಾ ಇವತ್ತಿಂದ್ಲೇ ಒಂದಿಸ್ಕೊಳಿ. ದೊಡ್ ಡ್ರಮ್ ಇಲ್ದಿದ್ರೆ ನಮ್ದೇ ಕೊಡ್ತೀನಿ. ಬೆಳಿಗ್ಗೆ ಬಿರ್ರನೆ ಮುಗಿಸ್ಕೊಂಡ್ರೆ ಮೇಲ್ಗಡೆ ಸುಮೈರಾಗೂ ಅನ್ಕೂಲ" ಎಂದರು. ಪಾತ್ರೆ ಕಟ್ಟಿಕೊಳ್ಳಿ ಎನ್ನುವುದಷ್ಟೇ ಅಲ್ಲದೆ ತುಂಬಿಕೊಂಡು ಹೋಗಲು ಡ್ರಮ್ಮನ್ನೂ ತಾವೇ ಕೊಡುತ್ತೇವೆ ಎನ್ನುವ ಅವಸರ ಕಂಡು ನಾನು ಸೀದಾ ಮೆಟ್ಟಿಲು ಹತ್ತಿ ಬಂದೆ. ಎರಡನೆಯ ಮಹಡಿಯ ನದೀಮ್ ಮತ್ತು ಸುಮೈರಾ ದಂಪತಿ ನಮ್ಮ ಮನೆಗೆ ಇಳಿದು ಬರಲಿದ್ದಾರೆಂದೂ, ಮೇಲಿನ ಮನೆ ಮದುಮಕ್ಕಳಿಗೆಂದೂ ಲೆಕ್ಕ ಹಾಕಿದೆ. ಅಂದಿನಿಂದ ಸುಮೈರಾಳ ಮುಖ ನೋಡುವುದನ್ನೂ ಬಿಟ್ಟೆ. ಪಾಪ, ಆ ಹುಡುಗಿ ಎರಡು ಸಲ ಬಾಗಿಲು ತಟ್ಟಿದಳು, ನಾನು ತೆರೆಯಲಿಲ್ಲ.

ಪತಿಯ ಜೊತೆ ಕೆಲಸ ಮಾಡುವ ಫಕೀರಪ್ಪನವರು ನಾಗಸಂದ್ರದಲ್ಲಿ ತಮ್ಮ ಭಾವನ ಮನೆ ಖಾಲಿ ಇದೆಯೆಂದು ತೋರಿಸಿದರು. ಗಾಳಿ ಬೆಳಕು ಇದ್ದೂ ಇಲ್ಲದಂತಿದ್ದ ಮನೆ, ಆದರೂ ಒಪ್ಪಿದೆವು. ಕಟ್ಟುವುದು ಶುರುವಾಯಿತು. ಅತ್ತೆ ಮಾತ್ರ ಕೈ ಹಚ್ಚಲಿಲ್ಲ. ಪ್ರತಿ ಬೇಸಿಗೆಯಲ್ಲಿ ಅವರೂ ಗೋಪಾಲಮ್ಮನವರೂ ಸೇರಿ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದರು. ಅತ್ತೆ ಜ್ವಾಳ ಎಂದರೆ ಗೋಪಾಲಮ್ಮನವರು ಜೋಳ ಎನ್ನುತ್ತ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿದರೂ ದಿನವಿಡೀ ಮಾತು ಮುಗಿಯುತ್ತಿರಲಿಲ್ಲ. ಆ ಸಲದ ಸಂಡಿಗೆಯ ಹಿಟ್ಟು ಕಲಸದೆ ಹಾಗೆಯೇ ಇತ್ತು. ಶನಿವಾರ ಸಂಜೆ ನಲ್ಲಿಯಲ್ಲಿ ನೀರೂ ನಿಂತಿತು. ಬಾಡಿಗೆದಾರರನ್ನು ಎಬ್ಬಿಸುವ ಹಳೆಯ ಉಪಾಯವಿದು ಎಂದು ಹಲ್ಲು ಕಡಿದು, ತಿರುಗಿಸಿದ ನಲ್ಲಿಯನ್ನು ಹಾಗೆಯೇ ಬಿಟ್ಟು, ಕೊನೆಯ ಚರಿಗೆಯನ್ನೂ ಗೋಣಿಚೀಲದಲ್ಲಿ ಕಟ್ಟಿದೆ.

ಭಾನುವಾರ ಬೆಳಿಗ್ಗೆ ಮುಕ್ತಾರ್ ಎಂಬವರ ಟೆಂಪೊ ಗೇಟಿನ ಮುಂದೆ ಬಂದು ನಿಂತಿತು. ಎಲ್ಲರೂ ಸೇರಿ ಬೀರುವನ್ನು ಬಾಗಿಲಿಗೆ ತಂದಿದ್ದೆವು, ಅಷ್ಟರಲ್ಲಿ ಅಡುಗೆಮನೆಯ ನಲ್ಲಿ ಒಮ್ಮೆ ಕೆಮ್ಮಿ ಭರ್ರೆಂದು ಸುರಿಯತೊಡಗಿತು. ಬೀರು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡು ನಾವು ಮೂವರೂ ಹೊರಗೆ ಉಳಿದಿದ್ದೆವು. ಒಳಗಿದ್ದ ಅತ್ತೆಗೆ ಆ ನಲ್ಲಿ ತಿರುಗಿಸುವಷ್ಟು ಕೈಬಲವಿಲ್ಲ, ಹಿಡಿಯಲು ಮನೆಯಲ್ಲಿ ಒಂದು ಲೋಟವೂ ಬಿಚ್ಚಿರಲಿಲ್ಲ. ಬಚ್ಚಲಿನ ನಲ್ಲಿಯೂ ಜೊತೆಗೂಡಿತು. ನೀರು ನಡುಮನೆಯನ್ನು ದಾಟಿ, ಬೀರುವಿನ ಕಾಲಡಿ ನುಸುಳಿ, ಮೆಟ್ಟಿಲಿಳಿದು ಗೋಪಾಲಮ್ಮನವರ ಹೊಸ್ತಿಲ ರಂಗೋಲಿಯನ್ನು ತೊಳೆಯಿತು. ಆಯಮ್ಮ ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದವರೇ, "ಏನ್ ತಾಯಿ, ನಿಮ್ ಶಿಫ್ಟ್ ನೀರ್ನ ಇಂಗೆ ಮೆಟ್ಲು ಮೇಲೆ ಉಯ್ದುಬುಟ್ರೆ ನಾಳೆಗಂಟ ಏನ್ ಕುಡೀತೀರಾ?" ಎಂದರು.

ಆಗ ತಿಳಿಯಿತು, ಮಾನ್ಯರೇ. ಬೋರ್‌ವೆಲ್ ತಳ ಕಂಡಿತ್ತು. ಟ್ಯಾಂಕು ತುಂಬಿಸುವಷ್ಟು ನೀರಿಲ್ಲದೆ, ಬೆಳಿಗ್ಗೆ ನಮಗೆ, ಆಮೇಲೆ ಮೇಲಿನವರಿಗೆ, ಸಂಜೆ ಕೆಳಗೆ ಎಂದು ಮಹಡಿಗೊಂದು ಸರದಿ ಮಾಡಿದ್ದರು. ಆ ಸರದಿಗೆ ಮಹೇಂದ್ರ ಇಟ್ಟ ಹೆಸರು ತಾವು. ಪಾತ್ರೆ ಹೊಂದಿಸಿಕೊಳ್ಳಿ ಎಂದಿದ್ದು ನೀರು ಹಿಡಿಯಲು, ಡ್ರಮ್ ಕೊಡುತ್ತೇನೆ ಎಂದಿದ್ದು ನೀರು ತುಂಬಲು, ಸುಮೈರಾ ಬಾಗಿಲು ತಟ್ಟಿದ್ದು ಎಷ್ಟು ಹೊತ್ತಿಗೆ ನಮ್ಮದು ಮುಗಿಯುತ್ತದೆ ಎಂದು ಕೇಳಲು. ಪಾಳಿ ಎಂದು ಬರೆದಿದ್ದರೆ ನನ್ನ ಅತ್ತೆಗೂ ತಿಳಿಯುತ್ತಿತ್ತು.

ಗೋಪಾಲಮ್ಮನವರು ಬೀರುವಿನ ಸಂದಿಯಲ್ಲಿ ಇಣುಕಿ ಒಳಗೆ ನೋಡಿದರು. ಕಟ್ಟಿದ ಗಂಟುಗಳನ್ನೂ, ಹಾಸಿಗೆಯ ಸುರುಳಿಯ ಮೇಲೆ ಕಾಲು ಮೇಲಕ್ಕೆತ್ತಿಕೊಂಡು ಕುಳಿತ ನನ್ನ ಅತ್ತೆಯನ್ನೂ ನೋಡಿದರು. "ಎಲ್ಲಿಗ್ ಒಂಟ್ರಿ ಕಾಶವ್ವ, ನಂಗೊಂದ್ ಮಾತ್ ಯೋಳ್ದೆ?" ಎಂದು ಕೇಳಿದಾಗ ಅವರ ದನಿಯಲ್ಲಿ ಜಗಳವಿರಲಿಲ್ಲ. ಅತ್ತೆ, "ನೀವಽ ಹೇಳಿ ಕಳಿಸೀರಂತಲ್ಲವ್ವಾ" ಎಂದಷ್ಟೇ ಹೇಳಿದರು. ವಿಷಯ ತಿಳಿದ ಮೇಲೆ ಗೋಪಾಲಮ್ಮನವರು ನಮ್ಮೆಲ್ಲರನ್ನೂ ವಾಚಾಮಗೋಚರ ಬೈದು, ಬೀರುವನ್ನು ಒಳಗೆ ತಳ್ಳಿಸಿ, ತಾವೇ ಗೋಣಿಚೀಲ ಬಿಚ್ಚಿ, ಕೈಗೆ ಸಿಕ್ಕ ಪಾತ್ರೆಯನ್ನು ನಲ್ಲಿಯ ಕೆಳಗೆ ಇಟ್ಟರು. ಮುನಿಯಲ್ಲಪ್ಪನವರು ಮುಕ್ತಾರ್ ಅವರಿಗೆ ಕಾಫಿ ಕುಡಿಸಿ ಕಳಿಸಿಕೊಟ್ಟರು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಆ ಕೊಚ್ಚೆಯ ನಡುವೆ ನಿಂತು ನಾನು ನಗುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ವಾಲ್ವ್ ತಿರುಗಿಸುವ ಕೀಲಿ ಹಿಡಿದು ಮಹೇಂದ್ರ ಬಾಗಿಲಲ್ಲಿ ನಿಂತಿದ್ದ. ಸಾಮಾನು ಕಟ್ಟಿ ಬರಿದಾದ ನಡುಮನೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡುತ್ತಿದ್ದ. ಅವನ ತಾಯಿ "ಯೋಳೋ, ನೀನೂ ಯೋಳು, ಓಗ್ಬೇಡಿ ಅಂತ" ಎಂದಾಗ ಅವನು ಏನೂ ಹೇಳಲಿಲ್ಲ. ಮಾನ್ಯರೇ, ಆ ಮೌನಕ್ಕೆ ಎರಡು ಅರ್ಥವಿರಲಿಲ್ಲ.

ಅಂದು ಸಂಜೆ ನಾನು ಕೆಳಗಿಳಿದು, ಗೇಟಿನ ಬಳಿ ಒಬ್ಬನೇ ಸಿಕ್ಕ ಅವನನ್ನು, ತಮ್ಮ ಕುಲದ ಒಂದೇ ಒಂದು ಪದವನ್ನೂ ಸೇರಿಸದೆ, "ನಿಮಗ ಈ ಮನಿ ಬೇಕೇನಪ್ಪಾ?" ಎಂದು ಕೇಳಿದೆ. ಅವನು ನೆಲ ನೋಡುತ್ತ, "ಬೇಕು ಮೇಡಂ. ಮದ್ವೆ ಆದ್ಮೇಲೆ ಬೇಕೇ ಬೇಕು. ಆದ್ರೆ ನಾನ್ ಕೇಳ್ದೆ ಅಂತ ಅಮ್ಮಂಗೆ ಗೊತ್ತಾಗ್ಬಾರ್ದು" ಎಂದ. ಅವನದೇನೂ ತಪ್ಪಿಲ್ಲ. ಅವನ ಮನೆ, ಅವನ ಮದುವೆ. ಸಂದರ್ಭ ನನಗೆ ಸುಳ್ಳು ಹೇಳಿರಲಿಲ್ಲ, ಅಂದಿನ ಆ ಮೆಸೇಜಿನಲ್ಲಿ ತಾವು ಮಾತ್ರ ಅದಕ್ಕೆ ಸೇರಿದವರಾಗಿರಲಿಲ್ಲ.

ಆದ್ದರಿಂದ ಈಗ ನನ್ನ ಬೇಡಿಕೆಗಳು. ಮೊದಲು ಯೋಚಿಸಿದ್ದು ಇಷ್ಟು: ಅರ್ಥಕ್ಕೊಂದು ಬಣ್ಣದ ಅಂಗಿ ತೊಟ್ಟು ಬರಬೇಕು, ಕಾರ್ಖಾನೆಗೆ ಖಾಕಿ, ಆಸ್ಪತ್ರೆಗೆ ಬಿಳಿ, ನೀರಿಗೆ ನೀಲಿ. ಮನೆ ಬಿಡಿಸಲು ಬರುವಾಗ ಬೀದಿಯ ತುದಿಯಿಂದಲೇ ಡಂಗುರ ಹೊಡೆಸಿಕೊಂಡು ಬರಬೇಕು. ಅವನ್ನೆಲ್ಲ ಕೈಬಿಟ್ಟಿದ್ದೇನೆ. ಈಗ ನನಗೆ ಬೇಕಿರುವುದು ಇದಕ್ಕೆ ತದ್ವಿರುದ್ಧ. ರಕ್ಷಾಳ ಪರೀಕ್ಷೆ ಮುಗಿದ ಮೇಲೆ ನಾನು ಗೋಪಾಲಮ್ಮನವರ ಎದುರು ನಿಂತು, "ಇವರಿಗೆ ಶಿಫ್ಟ್ ತ್ರಾಸ ಆಗಾಕತ್ತೈತ್ರಿ, ಅದಕ್ಕ ನಾವು ಶಿಫ್ಟ್ ಆಗ್ತೀವಿ" ಎನ್ನಬೇಕಾಗಿದೆ. ಮೊದಲನೆಯದು ಶುದ್ಧ ಸುಳ್ಳು, ನನ್ನ ಪತಿಗೆ ಯಾವ ಶಿಫ್ಟಿನಲ್ಲೂ ನಿದ್ದೆಗೆ ಕೊರತೆಯಾಗಿಲ್ಲ. ಎರಡನೆಯದು ನಿಜ. ಮಗ ಹೊರಗೆ ಹಾಕಿದ ಎಂಬ ಅನುಮಾನ ಆ ತಾಯಿಗೆ ಹೊಳೆಯದಂತೆ, ಆ ಒಂದು ವಾಕ್ಯ ಮುಗಿಯುವಷ್ಟು ಹೊತ್ತು ತಮ್ಮ ಎರಡೂ ಅರ್ಥಗಳು ಕೈ ಕೈ ಹಿಡಿದು ನಿಲ್ಲಬೇಕು. ನನ್ನ ಅತ್ತೆಗಂತೂ ಗೊತ್ತಾಗಿಯೇ ಆಗುತ್ತದೆ, ಅವರು ಸುಮ್ಮನಿರುತ್ತಾರೆ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗಿ ಬಹಿರಂಗವಾಗುವುದರಿಂದ ಗುಟ್ಟು ರಟ್ಟಾದೀತೆಂಬ ಚಿಂತೆ ತಮಗೆ ಬೇಡ. ಗೋಪಾಲಮ್ಮನವರಿಗೆ ಓದಲು ಬರುವುದಿಲ್ಲ, ಮಹೇಂದ್ರನಿಗೆ ಕನ್ನಡ ಓದಿ ಅಭ್ಯಾಸವಿಲ್ಲ, ಮುನಿಯಲ್ಲಪ್ಪನವರು ಪತ್ರಿಕೆಯಲ್ಲಿ ಮಳೆಯ ಸುದ್ದಿ ಬಿಟ್ಟು ಬೇರೇನನ್ನೂ ನೋಡುವುದಿಲ್ಲ.

ತಮ್ಮನ್ನು ಇನ್ನೆಂದೂ ನಂಬದಿದ್ದರೂ, ಪದ್ಧತಿ ಮೀರಬಾರದೆಂಬ ಒಂದೇ ಕಾರಣಕ್ಕೆ,

ತಮ್ಮ ವಿಶ್ವಾಸಿ,
ದಾಕ್ಷಾಯಣಿ ಶಿವಪುತ್ರ

ತಾ.ಕ.: ಮದುವೆಯ ಕಾರ್ಡು ನಿನ್ನೆ ಬಂತು. ಉಡುಗೊರೆ ಬೇಡ, ನೀವು ಬರುವುದೇ ನಮಗೆ 'ಪ್ರೆಸೆಂಟ್' ಎಂದು ಮಹೇಂದ್ರ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದಾನೆ. ತಮ್ಮ ಈ ಬಂಧುವಿಗೂ ಅರ್ಥಗಳು ಹಲವು ಎಂದು ಬಲ್ಲೆ, ಹಾಜರಿ, ಉಡುಗೊರೆ, ವರ್ತಮಾನಕಾಲ, ಎಲ್ಲವನ್ನೂ ಕಲಿಸಿದ್ದೇನೆ. ಆದರೆ ಬಾಡಿಗೆ ಮನೆಯವರು ಬ್ಯಾಂಕಿಗೆ ಹೋಗಲಿ, ಗ್ಯಾಸ್ ಏಜೆನ್ಸಿಗೆ ಹೋಗಲಿ, ಅರ್ಜಿಯಲ್ಲಿ ಈ ಬಂಧು 'ಪ್ರೆಸೆಂಟ್ ಅಡ್ರೆಸ್' ಎಂದು ಅಡ್ರೆಸ್ಸಿಗೆ ಅಂಟಿಕೊಂಡೇ ಎದುರಾಗುತ್ತಾನೆ, ಮತ್ತು ಅವನ ಕೆಳಗಿನ ಸಾಲಿನಲ್ಲಿ 'ಪರ್ಮನೆಂಟ್ ಅಡ್ರೆಸ್' ಎಂದು ಕೇಳಿರುತ್ತಾರೆ. ಅಲ್ಲಿ ನಾನು ಇಷ್ಟು ವರ್ಷವೂ 'ಮೇಲಿನಂತೆಯೇ' ಎಂದು ಬರೆಯುತ್ತಾ ಬಂದಿದ್ದೆ.