ಗುಲಾಬಿ ಬಣ್ಣದ ವರ

ರಾಯಚೂರು ಬಸ್‌ಸ್ಟ್ಯಾಂಡಿನ ಎದುರು ಬಾಂಬೆ ಮಿಠಾಯಿ ಮಾರುವ ವಿನೋದನ ತಾಪತ್ರಯಕ್ಕೆಲ್ಲ ಕಾರಣ ಒಂದು ಬಣ್ಣ. ಮಿಠಾಯಿಗೆ ಹಾಕುವ ಗುಲಾಬಿ, ಗೋಬಿಗೆ ಹಾಕುವ ಕೆಂಪು, ಎರಡೂ ಮೈಗೆ ವಿಷ, ಇನ್ನು ಮುಂದೆ ಹಾಕಿದವರಿಗೆ ದಂಡ, ಜೈಲು ಎಂದು ಸರ್ಕಾರ ಆದೇಶ ಹೊರಡಿಸಿತ್ತು. ರಸ್ತೆಯ ಉಳಿದ ಮಿಠಾಯಿಯವರು ಗುಲಾಬಿ ಪೊಟ್ಟಣಗಳನ್ನು ಗಾಡಿಯ ಕೆಳಗೆ ಬಚ್ಚಿಟ್ಟು, ಕಣ್ಣು ಮಿಟುಕಿಸಿ ಮಾರುತ್ತಿದ್ದರು. ವಿನೋದನಿಗೆ ಅಷ್ಟು ಧೈರ್ಯ ಎಲ್ಲಿಯದು? ಪೊಲೀಸರ ಸೀಟಿ ಎಲ್ಲೋ ಕೇಳಿದರೂ ತನ್ನನ್ನೇ ಕರೆದರೆಂದು ಎದ್ದು ನಿಲ್ಲುವ ಪ್ರಾಣಿ ಅವನು. ಸುದ್ದಿ ಕೇಳಿದ ದಿನವೇ ಬಣ್ಣದ ಡಬ್ಬಿಯನ್ನು ಚರಂಡಿಗೆ ಸುರಿದು, ಬಿಳಿ ಮಿಠಾಯಿ ಮಾರತೊಡಗಿದ.

ಬೇರೆ ಊರಲ್ಲಾಗಿದ್ದರೆ ಅದು ನಡೆಯುತ್ತಿತ್ತೇನೋ. ರಾಯಚೂರು ಹತ್ತಿಯ ಊರು ಸ್ವಾಮಿ! ಹತ್ತಿ ಲಾರಿ ಹೋದ ದಾರಿಯ ಜಾಲಿಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಂತೆ ಕಾಣುವ ಊರು. ನಿನ್ನೆ ಗುಂಜಹಳ್ಳಿಯ ರೈತನೊಬ್ಬ ಗಾಡಿಯ ಮುಂದೆ ನಿಂತು, ಒಂದು ತುಣುಕು ಕಿತ್ತು, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಹತ್ತಿಯ ಎಳೆಯ ಉದ್ದ ನೋಡುವುದು ಹೀಗೆಯೇ. ಎಳೆ ಕರಗಿ ಬೆರಳಿಗೆ ಅಂಟಿತು.

“ಹಸಿ ಹತ್ತಿ. ತೂಕ ಬರಲಿ ಅಂತ ನೀರು ಹೊಡದೀಯೇನು?” ಎಂದು ಮುಖ ಸಿಂಡರಿಸಿ ಹೊರಟುಹೋದ.

ಇಂಥ ಹೊತ್ತಿನಲ್ಲಿ, ಇವತ್ತು ಬೆಳಿಗ್ಗೆ ಅರಕೇರಾದಿಂದ ಅವ್ವ ದುರುಗಮ್ಮನ ಫೋನು ಬಂತು.

“ತಮ್ಮಾ, ಹೆಣ್ಣಿನವರು ಸಂಜಿಗೆ ನಿನ್ನ ಗಾಡಿ ಹತ್ರನ ಬರ್ತಾರಂತ. ಮನ್ಯಾಗ ಕುಂದ್ರಿಸಿ ತೋರಿಸಿದ್ರ ಎಲ್ಲಾ ವರಾನೂ ಚೆಂದ ಕಾಣ್ತಾವ, ದುಡಿಯೋ ಜಾಗದಾಗ ನೋಡ್ತೀನಿ ಅಂದಾನಂತ ಹುಡುಗಿ ಅಪ್ಪ. ಗಾಡಿ ಚೆಂದಾಗಿ ಇಟಗೋ.”

ಹುಡುಗಿಯ ಹೆಸರು ವಿಶಾಖಾ. ಮಾನ್ವಿಯವಳು, ಅದ್ಯಾವುದೋ ಸರ್ಕಾರಿ ಆಫೀಸಿನಲ್ಲಿ ಕೆಲಸ. ಅಪ್ಪ ಹಂಪಯ್ಯ ಹತ್ತಿ ಮಿಲ್ಲಿನಲ್ಲಿ ಮಾಲು ನೋಡುವವನು. ಅವಳ ಫೋಟೋ ಮೊಬೈಲಿಗೆ ಬಂದ ದಿನದಿಂದ ವಿನೋದನ ಕಾಲು ನೆಲದ ಮೇಲಿರಲಿಲ್ಲ. ಗಿರಾಕಿಗೆ ಚಿಲ್ಲರೆ ಬದಲು ಮಿಠಾಯಿ ಕೊಡುವುದು, ಮಿಠಾಯಿ ಬದಲು ಬರೀ ಕಡ್ಡಿ ಕೊಡುವುದು ನಡೆದೇ ಇತ್ತು. ಅವನಿಗೆ ಆ ಹುಡುಗಿ ಬೇಕಾಗಿದ್ದಳು. ಇನ್ನೇನೂ ಬೇಕಿರಲಿಲ್ಲ.

“ಅಪ್ಪ ಹತ್ತಿ ಮಿಲ್ಲಿನಾಂವೇನು? ಆತು ಬಿಡು!” ಎಂದಳು ಪಕ್ಕದಲ್ಲಿ ಹೂ ಮಾರುವ ಮೂಕಮ್ಮ. ಹೆಸರಷ್ಟೇ ಮೂಕಮ್ಮ. “ಈ ಬಿಳಿ ಮಿಠಾಯಿ ನೋಡಿ ಹತ್ತಿ ಅಂತ ಬೇಲ್ ಕಟ್ಟಿಸಿ ಲಾರಿಗೆ ಹಾಕ್ತಾನ. ಮಗಳ್ನ ಕೊಡಂಗಿಲ್ಲ.”

“ಖರೇ ಮಾತು,” ಎಂದ ಆಚೆ ಪಕ್ಕದ ಗೋಬಿ ಗಾಡಿಯ ವಲಿ ಪಾಷಾ. “ನನ್ನ ಗೋಬಿ ನೋಡಪಾ. ಕೆಸರಾಗ ಬಿದ್ದೆದ್ದಂಗ ಆಗ್ಯದ. ಬಣ್ಣ ಇಲ್ದ ಧಂಧಾ ನಡಿಯಂಗಿಲ್ಲ ಭಾಯ್. ನನ್ನ ಹಳೇ ಡಬ್ಬಿ ಇನ್ನೂ ಅದ. ಒಂದು ಚಿಟಿಕಿ…”

“ಅಯ್ಯೋ ಬ್ಯಾಡ್ರಿ ಚಾಚಾ! ಜೈಲಿಗೆ ಹೋಗೋ ವರಗ ಯಾರು ಹೆಣ್ಣು ಕೊಡ್ತಾರ?”

ವಲಿ ಪಾಷಾ ನಿಟ್ಟುಸಿರು ಬಿಟ್ಟ. ಎಸೆಯಲು ಮನಸ್ಸಾಗದೆ ಅವನು ಆ ಡಬ್ಬಿಯನ್ನು ಸತ್ತವರ ಕನ್ನಡಕ ಎತ್ತಿಟ್ಟಂತೆ ಬಟ್ಟೆಯಲ್ಲಿ ಸುತ್ತಿ ಗಾಡಿಯ ಕೆಳಗೆ ಇಟ್ಟುಕೊಂಡಿದ್ದ.

ದಾರಿ ತೋರಿಸಿದವಳು ಮೂಕಮ್ಮನೇ. “ಬೀಟ್‌ರೂಟ್ ತುರದು ಹಿಂಡು, ಸಕ್ಕರಿಗೆ ಕಲಸಿ ಬಿಸಲಿಗೆ ಇಡು. ಬೀಟ್‌ರೂಟಿಗೆ ಸರಕಾರ ಬ್ಯಾಡ ಅಂದದೇನು?”

ಆಹಾ! ವಿನೋದ ಸಂತೆಗೆ ಓಡಿದ, ಬೀಟ್‌ರೂಟ್ ತಂದ, ತುರಿದ, ಬೆರಳೂ ತುರಿದುಕೊಂಡ. ಸಕ್ಕರೆಗೆ ರಸ ಕಲಸಿ ಪರಾತದಲ್ಲಿ ಹರಡಿದ. ರಾಯಚೂರಿನ ಬಿಸಿಲಿಗೆ ಅದನ್ನು ಒಣಗಿಸುವುದು ಎಷ್ಟರ ಕೆಲಸ? ಆದರೆ ಯಂತ್ರಕ್ಕೆ ಹಾಕಿ ತಿರುಗಿಸಿದರೆ, ಬಿಸಿಗೆ ಬಣ್ಣ ಕಂದಿ, ಗೋಣಿಚೀಲ ಬಿಚ್ಚಿದಂಥ ಮಿಠಾಯಿ ಹೊರಬಂತು.

“ಇದು ಸೆಣಬು,” ಎಂದು ಮೂಕಮ್ಮ ತೀರ್ಪು ಕೊಟ್ಟಳು.

ವಿನೋದನಿಗೆ ಅಳುವೇ ಬಂತು. ಉಳಿದ ಸಕ್ಕರೆಯೂ ಬಿಸಿಲಿಗೆ ಕಂದತೊಡಗಿತ್ತು; ಪರಾತವನ್ನು ಅಲ್ಲೇ ಬಿಟ್ಟು, ಬೇವಿನ ನೆರಳಲ್ಲಿ ಗಾಡಿಗೆ ಒರಗಿ ಕೂತ. ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಬಸ್ಸುಗಳ ಸದ್ದು ದೂರ ದೂರ ಸರಿಯಿತು. ಅವನ ಯಂತ್ರ ತಾನೇ ತಿರುಗತೊಡಗಿತು. ಅದರಿಂದ ಗುಲಾಬಿ ಎಳೆಗಳು ಎದ್ದವು. ಎದ್ದು ಬೇವಿನ ಮರ ದಾಟಿದವು, ಕೋಟೆಯ ಗುಡ್ಡ ದಾಟಿದವು, ಮಾನ್ವಿ ಬಳಿಯ ಚೀಕಲಪರ್ವಿಯಲ್ಲಿ ತುಂಗಭದ್ರೆಯ ನೀರಿನ ಮೇಲೆ ತೆಳ್ಳಗೆ ಹಾಸಿಕೊಂಡವು. ಅದರ ಮೇಲೆ ವಿಶಾಖಾ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಕಾಲಿಗೆ ಏನೂ ಅಂಟುತ್ತಿರಲಿಲ್ಲ. “ಬರ್ರಿ,” ಎಂದು ಅವಳು ಕೈಚಾಚಿದಳು.

“ಏಳಲೇ, ಬಂದ್ರು!” ಎಂದು ಮೂಕಮ್ಮ ನೀರು ಚಿಮುಕಿಸಿದಳು.

ಎದ್ದು ನೋಡಿದರೆ ಪರಾತದ ಸಕ್ಕರೆ ಗುಲಾಬಿ! ಕನಸಿನಲ್ಲಿ ಕಂಡದ್ದೇ ಗುಲಾಬಿ. ಕಣ್ಣುಜ್ಜಿಕೊಂಡು ನೋಡಿದ. ಮತ್ತೂ ಗುಲಾಬಿ.

“ಚಾಚಾ, ಇದೆಂಗಾತು?”

“ಬಿಸಲು ಸರಿಯಾಗಿ ಬಿದ್ದದ. ಅಲ್ಲಾಹ್ ದೊಡ್ಡವ,” ಎಂದು ವಲಿ ಪಾಷಾ ಗೋಬಿ ಹುರಿಯುವುದರಲ್ಲಿ ಮಗ್ನನಾದ.

ಯೋಚಿಸಲು ಹೊತ್ತೆಲ್ಲಿತ್ತು? ವಿನೋದ ಯಂತ್ರ ತಿರುಗಿಸಿದ. ಸಂಜೆಯ ಮೋಡ ಕಿತ್ತು ಕಡ್ಡಿಗೆ ಸುತ್ತಿದಂತೆ ಮಿಠಾಯಿ ಅರಳಿತು. ಅಷ್ಟರಲ್ಲಿ ಹಂಪಯ್ಯ ಬಂದು ನಿಂತಿದ್ದ. ಹಿಂದೆ ವಿಶಾಖಾ, ಹೆಗಲಿಗೊಂದು ಬ್ಯಾಗು. ಫೋಟೋಗಿಂತ ಚೆಂದ ಇದ್ದಳು.

“ಬರ್ರಿ ಮಾವ… ಅಲ್ಲ, ಯಜಮಾನ್ರ,” ಎಂದ ವಿನೋದ.

ಹಂಪಯ್ಯ ಮಿಠಾಯಿ ಇಸಕೊಂಡ. ಬಣ್ಣ ಗುಲಾಬಿಯಾದರೇನು, ಕೈ ಕೇಳಬೇಕಲ್ಲ! ಒಂದು ತುಣುಕು ಕಿತ್ತು, ಬೆರಳುಗಳ ನಡುವೆ ಹಿಡಿದು ಎಳೆದ. ಕರಗಿತು. “ಎಳಿ ಸಣ್ಣದು ಅದ, ನುಣುಪು ಅದ,” ಎಂದು ಗಂಭೀರವಾಗಿ ಹೇಳಿ ಬೆರಳು ಚೀಪಿದ. ಮುಖ ಅರಳಿತು. “ರುಚೀನೂ ಭಾಳ ಚಲೋ!”

ವಿಶಾಖಾ ನಗಲಿಲ್ಲ. ಮಿಠಾಯಿಯನ್ನೇ ನೋಡುತ್ತಿದ್ದಳು. “ಇದು ಎಂಥಾ ಬಣ್ಣ ರೀ?”

“ಬೀಟ್‌ರೂಟ್ ರೀ! ನಾನ ಈ ಕೈಲಿ ತುರದೀನಿ. ನಮ್ಮವ್ವನ ಆಣಿ.” ಪಟ್ಟಿ ಸುತ್ತಿದ ಬೆರಳು ತೋರಿಸಿದ.

ಅವಳ ಮುಖ ಸಡಿಲಾಯಿತು. “ನಾನು ಅಂಜಿದ್ದೆ ನೋಡ್ರಿ. ಹೋದ ವಾರ ನಮ್ಮ ಆಫೀಸಿನ ಜೀಪಿನ್ಯಾಗ ಈ ರಸ್ತಾಗ ಬಂದಿದ್ದೆ. ತಿನ್ನೋ ಪದಾರ್ಥದ ಸ್ಯಾಂಪಲ್ ತಗೊಳೋ ಆಫೀಸು ನಮ್ದು. ಎಲ್ಲಾರೂ ಗುಲಾಬಿ ಬಚ್ಚಿಟ್ಟಿದ್ರು. ನಿಮ್ಮ ಗಾಡಿ ಒಂದs ಬಿಳಿದಿತ್ತು. ಈ ಮನುಷ್ಯಾ ಸುಳ್ಳು ಹೇಳಂಗಿಲ್ಲ, ಇವರ್ನ ನೋಡೂಣು ಅಂತ ಅಪ್ಪಗ ನಾನs ಗಂಟು ಬಿದ್ದೆ.”

ಗೋಬಿ ಗಾಡಿಯಲ್ಲಿ ಕರಿಯುವ ಜಾರಾ ಸೌಟು ಕೆಳಗೆ ಬಿದ್ದ ಸದ್ದಾಯಿತು. ವಿನೋದನಿಗೆ ಕೇಳಿಸಲಿಲ್ಲ. ಅವನು ಆಗಲೇ ತುಂಗಭದ್ರೆಯ ಮೇಲಿದ್ದ.

“ಬೀಟ್‌ರೂಟಿನ್ಯಾಗ ಇಷ್ಟು ಚೆಂದ ಬಣ್ಣ ಬರ್ತದಂದ್ರ ಎಲ್ಲಾ ಗಾಡಿಯವರಿಗೂ ಕಲಿಸಬೇಕು,” ಎಂದಳು ವಿಶಾಖಾ. ಗುಲಾಬಿ ಮಿಠಾಯಿಯ ಒಂದು ಪೊಟ್ಟಣ ಕಟ್ಟಿಸಿಕೊಂಡು, ಬ್ಯಾಗಿನಿಂದ ಮೇಣದಬತ್ತಿ ಹೊರಗೆ ತೆಗೆದು ಹಚ್ಚಿ, ಪೊಟ್ಟಣದ ಬಾಯಿಗೆ ಅಚ್ಚುಕಟ್ಟಾಗಿ ಮೇಣ ಹಾಕಿದಳು. “ಇದು ಲ್ಯಾಬಿಗೆ ಹೋಗ್ತದ. ರಿಪೋರ್ಟ್ ಬಂದ ದಿನಾನs ನಾವು ಅರಕೇರಾಕ್ಕ ಬರ್ತೀವಿ. ಅವ್ವಗ ಹೇಳಿಡ್ರಿ.” ಹಾಗೆ ಹೇಳುವಾಗ ಅವಳ ಕೆನ್ನೆಯೂ ಅದೇ ಬಣ್ಣಕ್ಕೆ ತಿರುಗಿತ್ತು.

ಅಪ್ಪ ಮಗಳು ರಸ್ತೆ ದಾಟಿ ಮಾನ್ವಿ ಬಸ್ಸು ಹತ್ತಿದರು. ವಿನೋದ ನಗುತ್ತ ನಿಂತೇ ಇದ್ದ. ಆಗ ವಲಿ ಪಾಷಾ ಮೆಲ್ಲಗೆ ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

“ಭಾಯ್, ನೀನು ಮಲಗಿದ್ದಿ. ಮುಖದಾಗ ದುಃಖ ನೋಡಾಕ ಆಗ್ಲಿಲ್ಲ. ಒಂದs ಒಂದು ಚಿಟಿಕಿ ಹಾಕಿದೆ.”

ವಿನೋದನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಓಡಿದ. ಬೆಳಗಿನಿಂದ ಯಾರೂ ಕೊಳ್ಳದ ಬಿಳಿ ಮಿಠಾಯಿಯೊಂದನ್ನು ಕೈಯಲ್ಲಿ ಎತ್ತಿ ಹಿಡಿದು, “ಬಿಳಿದು ತಗೊಳ್ರೀ! ಅದು ಬ್ಯಾಡ, ಇದು ಒಯ್ಯಿರಿ!” ಎಂದು ಕೂಗುತ್ತ ಬಸ್ಸಿನ ಹಿಂದೆ ಓಡಿದ. ಕಂಡಕ್ಟರು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ತಿರುಗಿತು.

ವಿಶಾಖಾ ಕಿಟಕಿಯಿಂದ ಇಣುಕಿದಳು. ತನ್ನ ಹಿಂದೆ ಇಷ್ಟು ಆಸೆಯಿಂದ ಯಾರೂ ಓಡಿಬಂದಿರಲಿಲ್ಲ. ನಾಚಿ ನಕ್ಕು, ಮೇಣ ಹಾಕಿದ ಗುಲಾಬಿ ಪೊಟ್ಟಣವನ್ನೇ ಎತ್ತಿ ಬೀಸಿದಳು.

ವಿನೋದ ನಿಂತ. ಏನು ಮಾಡಬೇಕೆಂದು ತಿಳಿಯದೆ ಅವನೂ ಕೈ ಬೀಸಿದ.